ಬಡ ಸಿನಿಮಾದ ಐದು ಕಥೆಗಳು

ಹಾರರ್ ಸಿನಿಮಾದ ಚರಿತ್ರೆಯಲ್ಲಿ ಕಥಾಗುಚ್ಛ ಚಿತ್ರಗಳಿಗೆ ಸಿಗುವುದು ಮೂಲೆಯ ಜಾಗ. ನನ್ನ ಕುತೂಹಲವಿರುವುದು ಅಲ್ಲಿಯೇ. ಅಮಿಕಸ್, ಮಿಲ್ಟನ್ ಸುಬೋಟ್ಸ್ಕಿ ಮತ್ತು ಮ್ಯಾಕ್ಸ್ ರೋಸೆನ್‌ಬರ್ಗ್ ಎಂಬ ಇಬ್ಬರು ಅಮೆರಿಕನ್ನರು ಬ್ರಿಟನ್ನಿನಲ್ಲಿ ನಡೆಸಿದ ಸಣ್ಣ ಸಂಸ್ಥೆ. ಅದರ 1965ರ ‘ಡಾ. ಟೆರರ್ಸ್ ಹೌಸ್ ಆಫ್ ಹಾರರ್ಸ್’ನಲ್ಲಿ ರೈಲಿನ ಐವರು ಪ್ರಯಾಣಿಕರಿಗೆ ಪೀಟರ್ ಕುಶಿಂಗ್ ಟ್ಯಾರೋ ಎಲೆ ಹಿಡಿದು ಭವಿಷ್ಯ ಹೇಳುತ್ತಾರೆ. ಐದು ಭವಿಷ್ಯ, ಐದು ಕಥೆ. ಬೇತಾಳನ ಕಥೆ ಕೇಳಿ ಬೆಳೆದ ನಮಗೆ ಈ ಹೆಣಿಗೆ ಹೊಸದಲ್ಲ. ಇದರಲ್ಲಿ ಲೆಕ್ಕಾಚಾರವೂ ಇತ್ತು: ಹೆಸರಾಂತ ನಟರಿಗೆ ಕೆಲವೇ ದಿನಗಳ ಸಂಭಾವನೆ, ಪೋಸ್ಟರಿನಲ್ಲಿ ಮಾತ್ರ ಹೆಸರುಗಳ ಸಾಲು.

ಇದನ್ನು ಬರಿಯ ಜಿಪುಣತನ ಎನ್ನಲು ನನಗೆ ಮನಸ್ಸಿಲ್ಲ. 1971ರ ಜನವರಿಯಲ್ಲಿ ಕುಶಿಂಗ್ ಅವರ ಪತ್ನಿ ಹೆಲೆನ್ ತೀರಿಕೊಂಡರು. ಮರುವರ್ಷ ತೆರೆಕಂಡ ‘ಟೇಲ್ಸ್ ಫ್ರಂ ದ ಕ್ರಿಪ್ಟ್’ನ ಒಂದು ಕಥೆಯಲ್ಲಿ ಅವರದು ಹೆಂಡತಿಯನ್ನು ಕಳೆದುಕೊಂಡ ಮುದುಕನ ಪಾತ್ರ. ನೆರೆಯ ಸಿರಿವಂತರು ಉಪಾಯದಿಂದ ಅವನ ನಾಯಿಗಳನ್ನು ದೂರಮಾಡುತ್ತಾರೆ. ಹೀಯಾಳಿಸುವ ಕಾರ್ಡುಗಳನ್ನು ಕಳಿಸಿ ಸಾವಿಗೆ ದೂಡುತ್ತಾರೆ. ವರ್ಷ ಕಳೆದ ಮೇಲೆ ಅವನು ಸಮಾಧಿಯಿಂದ ಎದ್ದು ಬರುತ್ತಾನೆ.

ಇಂಥ ಮುದುಕನನ್ನೇ ನಂಬಿ ಇಡೀ ಚಿತ್ರಕ್ಕೆ ಹಣ ಹಾಕುವವರು ವಿರಳ. ಐದರಲ್ಲಿ ಒಂದು ಕಥೆಯಾದರೆ ಆ ಧೈರ್ಯ ಅಗ್ಗ. ಹೆದರಲೆಂದು ಬಂದ ಪ್ರೇಕ್ಷಕ ಇಲ್ಲಿ ಹೆಣಕ್ಕೆ ಅಂಜುವ ಮೊದಲು ಮನುಷ್ಯನಿಗಾಗಿ ಮರುಗುತ್ತಾನೆ. ಚರಿತ್ರೆ ಬರೆಯುವವರು ಬಜೆಟ್ಟಿನ ಜೊತೆ ಈ ಮರುಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.