ಯಂತ್ರಕ್ಕೆ ಕಾಸು, ಆಟ ಪುಕ್ಕಟೆ: ಹೊಸದುರ್ಗದಿಂದ ಕಂಡ ವಿಡಿಯೋ ಗೇಮ್ ವ್ಯಾಪಾರದ ಚರಿತ್ರೆ

1990ರ ದಶಕದ ಹೊಸದುರ್ಗದಲ್ಲಿ ‘ವಿಡಿಯೋ ಗೇಮ್’ ಅಂದರೆ ಅಂಗಡಿಯವನಿಗೂ ಗಿರಾಕಿಗೂ ಕಣ್ಣಮುಂದೆ ಬರುತ್ತಿದ್ದುದು ಒಂದೇ ವಸ್ತು. ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆ, ಎರಡು ರಿಮೋಟು, ಒಂದು ಗನ್ನು, ಬಿಸಿಯೇರುವ ಒಂದು ಅಡಾಪ್ಟರು, ಜತೆಗೆ ಒಂದು ಹಳದಿ ಕ್ಯಾಸೆಟ್. ಆ ಕ್ಯಾಸೆಟ್ಟಿನೊಳಗೆ ಟೇಪು ಇರಲಿಲ್ಲ, ಇದ್ದದ್ದು ಒಂದು ಚಿಪ್ಪು. ಆದರೂ ಹಾಡಿನ ಕ್ಯಾಸೆಟ್ಟಿಗೆ ಒಗ್ಗಿದ್ದ ಬಾಯಿ ಇದನ್ನೂ ಅದೇ ಹೆಸರಿನಿಂದ ಕರೆಯಿತು. ಈ ಹೆಸರೇ ನನ್ನ ಮೊದಲ ಸಾಕ್ಷಿ. ಹಾಡಿನ ಕ್ಯಾಸೆಟ್ಟನ್ನು ಜನ ದುಡ್ಡು ಕೊಟ್ಟು ಒಂದೊಂದಾಗಿ ಕೊಳ್ಳುತ್ತಿದ್ದರು. ಆಟದ ಕ್ಯಾಸೆಟ್ಟು ಮಾತ್ರ ಪೆಟ್ಟಿಗೆಯ ಜತೆ ಬಂದದ್ದೇ ಬಂತು, ಮತ್ತೊಂದು ಕೊಂಡವರು ಕಡಿಮೆ.

ಜಗತ್ತಿನಲ್ಲಿ ಈ ಉದ್ಯಮ ನಿಂತಿರುವುದು ಯಂತ್ರವನ್ನು ಅಸಲಿಗೋ ಅದಕ್ಕಿಂತ ಕಡಿಮೆಗೋ ಕೊಟ್ಟು, ಆಮೇಲೆ ಆಟಗಳನ್ನು ಮಾರಿ ಗಳಿಸುವ ಲೆಕ್ಕದ ಮೇಲೆ. ನಮ್ಮ ಕಡೆ ಈ ಲೆಕ್ಕ ಬುಡಮೇಲಾಗಿತ್ತು: ಲಾಭವೆಲ್ಲ ಯಂತ್ರದಲ್ಲಿ, ಆಟ ಕೊಸರು. ಚಿತ್ರದುರ್ಗ ಜಿಲ್ಲೆಯಂಥ ಕಡೆ ಮೂರು ದಶಕಗಳ ಏರಿಳಿತವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಎಳೆ ಸಾಕು ಎಂಬುದು ನನ್ನ ವಾದ.

ಎಳೆ ಹಿಡಿಯಬೇಕಾದರೆ 1983ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದಲ್ಲಿ ಮುನ್ನೂರು ಕೋಟಿ ಡಾಲರಿಗೂ ಮೇಲಿದ್ದ ಈ ವ್ಯಾಪಾರ 1985ರ ಹೊತ್ತಿಗೆ ಹತ್ತು ಕೋಟಿ ಡಾಲರಿನ ಆಸುಪಾಸಿಗೆ ಬಿದ್ದುಹೋಯಿತು. ಅಟಾರಿ ಕಂಪನಿಯ ಪೆಟ್ಟಿಗೆಗೆ ಯಾರು ಬೇಕಾದರೂ ಆಟ ಮಾಡಿ ಮಾರಬಹುದಿತ್ತು. ಕಳಪೆ ಮಾಲು ಗುಡ್ಡೆ ಬಿತ್ತು, ಅಂಗಡಿಯವರು ಸಿಕ್ಕ ಬೆಲೆಗೆ ತಳ್ಳಿದರು. ಈ ಪಾಠ ಕಲಿತ ನಿಂಟೆಂಡೊ ಕಂಪನಿ ಅಮೆರಿಕಕ್ಕೆ ಕಳಿಸಿದ ಯಂತ್ರದೊಳಗೆ ಬೀಗದಂಥ ಒಂದು ಚಿಪ್ಪು ಇಟ್ಟಿತು. ತನ್ನ ಪರವಾನಗಿ ಇಲ್ಲದ ಕ್ಯಾಸೆಟ್ಟು ಓಡಕೂಡದು, ಪರವಾನಗಿ ಪಡೆದವರೂ ವರ್ಷಕ್ಕೆ ಐದೇ ಆಟ ತರಬೇಕು ಎಂದು ಕಟ್ಟು ಮಾಡಿತು. ಆದರೆ 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆಯಾಗಿದ್ದ ಮೂಲ ಯಂತ್ರ ಫ್ಯಾಮಿಕಾಮ್‌ನಲ್ಲಿ ಆ ಬೀಗ ಇರಲಿಲ್ಲ. ತೈವಾನಿನವರು ಅದರ ಚಿಪ್ಪುಗಳನ್ನು ನಕಲು ಮಾಡಿದರು. ಮುಂದೆ ಇಡೀ ಯಂತ್ರವನ್ನೇ ಒಂದು ಚಿಪ್ಪಿಗೆ ಇಳಿಸಿದರು. ಹೊಸದುರ್ಗಕ್ಕೆ ಬಂದ ಪೆಟ್ಟಿಗೆ ಈ ಬೀಗವಿಲ್ಲದ ವಂಶದ್ದು. ರಷ್ಯಾದಲ್ಲಿ 1992ರಿಂದ ಡೆಂಡಿ ಎಂಬ ಹೆಸರಿನಲ್ಲಿ, ಪೋಲೆಂಡಿನಲ್ಲಿ ಪೆಗಾಸಸ್ ಎಂಬ ಹೆಸರಿನಲ್ಲಿ ಮನೆಮನೆ ಹೊಕ್ಕದ್ದೂ ಇದೇ. ಅಲ್ಲಿನ ಹುಡುಗರೂ ನಮ್ಮ ಹುಡುಗರೂ ಆಡಿದ್ದು ಅದೇ ಕಾಂಟ್ರಾ, ಅದೇ ಮಾರಿಯೋ, ಅದೇ ಬಾತುಕೋಳಿ ಬೇಟೆ.

ಅಧಿಕೃತ ಮಾಲು ಭಾರತಕ್ಕೆ ಬರಲೇ ಇಲ್ಲ ಎನ್ನುವಂತಿಲ್ಲ. ನಿಂಟೆಂಡೊ ಯಂತ್ರ ಸಮುರಾಯ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಸೆಗಾ ಕಂಪನಿ 1995ರಲ್ಲಿ ಶಾ ವಾಲೇಸ್ ಜತೆ ಒಪ್ಪಂದ ಮಾಡಿಕೊಂಡಿತು. ಹೌದು, ಮದ್ಯಕ್ಕೆ ಹೆಸರಾಗಿದ್ದ ಅದೇ ಶಾ ವಾಲೇಸ್. ಆಗ ಆಮದು ಸುಂಕ ಶೇ. 80ರಷ್ಟಿತ್ತು, ಅದರಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಈ ಒಪ್ಪಂದ. ಆದರೂ ಯಂತ್ರದ ಬೆಲೆ 18,000 ರೂಪಾಯಿ. ಹತ್ತು ಗ್ರಾಂ ಚಿನ್ನ ಐದು ಸಾವಿರದೊಳಗೆ ಸಿಗುತ್ತಿದ್ದ ಕಾಲ ಅದು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಮಗಳಿಗೆ ಸರ ಮಾಡಿಸಬೇಕೆನ್ನುವ ಮನೆಯಲ್ಲಿ ಮಗನ ಆಟಕ್ಕೆ ಮೂವತ್ತೈದು ಗ್ರಾಂಗೂ ಮೀರಿದ ಚಿನ್ನದ ದುಡ್ಡು ಯಾರು ಎತ್ತಿಕೊಡುತ್ತಾರೆ?

ಹಾಗಾಗಿ ಮಾರುಕಟ್ಟೆ ನಕಲಿನ ಪಾಲಾಯಿತು. ಮೀಡಿಯಾ ಕಂಪನಿಯ ‘ಲಿಟ್ಲ್ ಮಾಸ್ಟರ್’ ಇವುಗಳಲ್ಲಿ ಮರ್ಯಾದಸ್ಥ ಮಾಲು. ಕ್ರಿಕೆಟಿಗ ಗಾವಸ್ಕರರ ಅಡ್ಡಹೆಸರನ್ನು ಪೆಟ್ಟಿಗೆಗೆ ಅಂಟಿಸಿದವರ ಜಾಣತನವನ್ನು ಮೆಚ್ಚಲೇಬೇಕು. ಅದರ ಹಿಂದೆ ‘ಟರ್ಮಿನೇಟರ್’ ಮೊದಲಾದ, ತಯಾರಕರು ಯಾರೆಂದೇ ತಿಳಿಯದ ಪೆಟ್ಟಿಗೆಗಳು ಬಂದವು. ಬೆಂಗಳೂರಿನಲ್ಲಿ ಇಂಥ ಮಾಲಿನ ತವರು ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟು ಮತ್ತು ಎಸ್.ಪಿ. ರಸ್ತೆ, ಮದರಾಸಿನಲ್ಲಿ ಬರ್ಮಾ ಬಜಾರು. ಅನೇಕ ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧ ಪೂರ್ತಿ ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೂ ‘ಫಾರಿನ್ ಮಾಲು’ ಎಂಬ ಮಾತಿಗೆ ಬೆಲೆ, ಭಯ ಎರಡೂ ಇದ್ದವು. ಹೊಸದುರ್ಗ ರೋಡ್ ಎಂಬ ರೈಲು ನಿಲ್ದಾಣ ಇರುವುದು ಊರಿನಿಂದ ದೂರ. ಆದ್ದರಿಂದ ಊರಿನ ವ್ಯಾಪಾರವೆಲ್ಲ ರಸ್ತೆಯದು. ಹಿರಿಯೂರು ಮಾರ್ಗದಲ್ಲಿ ಬೆಂಗಳೂರಿನ ಮಾಲು, ಹೊಳಲ್ಕೆರೆಯ ಕಡೆಯಿಂದ ದಾವಣಗೆರೆ, ಚಿತ್ರದುರ್ಗದ ಮಾಲು. ಬಸ್ಸಿನ ಟಾಪಿನ ಮೇಲೆ ಮಿಕ್ಸಿ, ಟೇಪ್‌ರೆಕಾರ್ಡರುಗಳ ನಡುವೆ ಇವೂ ಬಂದವು. ಕೊಳ್ಳುವಾಗ ಅಂಗಡಿಯಲ್ಲೇ ಟಿವಿಗೆ ಹಾಕಿ ತೋರಿಸುತ್ತಿದ್ದರು. ಮನೆಗೆ ಒಯ್ದ ಮೇಲೆ ಗ್ಯಾರಂಟಿ ಇಲ್ಲ.

ಹಳದಿ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಅಚ್ಚು ಹಾಕಿರುತ್ತಿದ್ದರು. ಒಂದು ಕೋಟಿಗೆ ಒಂದು ಕಡಿಮೆ! ಒಳಗೆ ನಿಜಕ್ಕೂ ಬೇರೆಬೇರೆ ಎನ್ನಬಹುದಾದ ಆಟಗಳು ಬೆರಳೆಣಿಕೆಯಷ್ಟು. ಅವನ್ನೇ ಎರಡನೆಯ ಹಂತದಿಂದ, ಮೂರನೆಯ ಹಂತದಿಂದ ಶುರುವಾಗುವಂತೆ ಮಾಡಿ ಹೊಸ ಹೆಸರಿಟ್ಟು ಪಟ್ಟಿ ಉದ್ದ ಮಾಡಿದ್ದರು. ಇದನ್ನು ಬರೀ ಮೋಸವೆಂದು ತಳ್ಳಿಹಾಕಿದರೆ ವ್ಯಾಪಾರದ ಮರ್ಮ ತಪ್ಪಿಹೋಗುತ್ತದೆ. ಕೊಳ್ಳುವವನು ತಂದೆ, ಆಡುವವನು ಮಗ. ತಂದೆಗೆ ಬೇಕಾದದ್ದು ‘ಮತ್ತೆ ದುಡ್ಡು ಕೇಳಬೇಡ’ ಎನ್ನಲು ಒಂದು ಆಧಾರ. ಆ ದೊಡ್ಡ ಸಂಖ್ಯೆ ಅದನ್ನು ಒದಗಿಸಿತು. ಸಾಫ್ಟ್‌ವೇರ್ ಎಂಬುದಕ್ಕೆ ಬೇರೆ ಬೆಲೆ ಇದೆ ಎಂಬ ಅರಿವು ಒಂದು ತಲೆಮಾರಿಗೆ ಹುಟ್ಟದೇ ಹೋದದ್ದು ಇಲ್ಲೇ.

ಮಾರಾಟದ ಕಾಲವೂ ಬೇರೆ. ಅಮೆರಿಕದಲ್ಲಿ ವರ್ಷದ ವ್ಯಾಪಾರದ ದೊಡ್ಡ ಪಾಲು ಕ್ರಿಸ್ಮಸ್ಸಿನ ಹಿಂದಿನ ಎರಡು ತಿಂಗಳಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಇದು ಬೇಸಿಗೆ ರಜೆಯ ಸರಕು. ಪರೀಕ್ಷೆ ಮುಗಿದು, ಪಾಸಾಗುವ ಭರವಸೆ ಕೊಟ್ಟ ಮೇಲೆ ಸಿಗುವ ಬಹುಮಾನ. ರಜೆಯಲ್ಲೇ ಕರೆಂಟಿನ ಕಾಟವೂ ಹೆಚ್ಚು. ನಾನು ಕಾಂಟ್ರಾದ ಕೊನೆಯ ಹಂತಕ್ಕೆ ಬಂದ ಪ್ರತಿ ಸಲವೂ ಕರೆಂಟ್ ಹೋಗಿದೆ. ಇದನ್ನು ಸಂಶೋಧನೆಯ ಆಧಾರವಾಗಿ ಎಣಿಸಬೇಕಿಲ್ಲ. ಕ್ಯಾಸೆಟ್ ಹತ್ತದಿದ್ದರೆ ಬಾಯಿಂದ ಊದಿ ಸಿಕ್ಕಿಸುತ್ತಿದ್ದೆವು. ಊದುವುದರಿಂದ ತುಕ್ಕು ಬೇಗ ಹಿಡಿಯುತ್ತದೆ, ಕೆಲಸವಾಗುತ್ತಿದ್ದದ್ದು ತೆಗೆದು ಮತ್ತೆ ಸಿಕ್ಕಿಸಿದ್ದರಿಂದ ಎಂದು ತಿಳಿದದ್ದು ಬಹಳ ತಡವಾಗಿ.

ಜಾತ್ರೆಯ ಆಟಿಕೆ ಸಾಲಿನಲ್ಲಿ ಇನ್ನೂ ಅಗ್ಗದ ಕವಲೊಂದಿತ್ತು, ಪೆನ್ಸಿಲ್ ಸೆಲ್ಲಿನ ‘ಬ್ರಿಕ್ ಗೇಮ್’. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ರೂಪಿಸಿದ ಟೆಟ್ರಿಸ್ ಹೀಗೆ ಪೀಪಿ, ಬಲೂನಿನ ಜತೆ ಕೂತು ಮಾರಾಟವಾಯಿತು. ಟಿವಿ ಬೇಡ, ಕರೆಂಟ್ ಬೇಡ. ಹಳ್ಳಿ ಮುಟ್ಟಿದ ಮೊದಲ ವಿಡಿಯೋ ಗೇಮ್ ಇದೇ ಎಂದರೆ ತಪ್ಪಲ್ಲ.

ಹೊಸ ಶತಮಾನದಲ್ಲಿ ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಲೆಕ್ಕ ಮಾತ್ರ ಬದಲಾಗಲಿಲ್ಲ. ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಗಿ ದಾಖಲೆ ಬರೆಯಿತು. ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಅದಕ್ಕೆ ‘ಚಿಪ್ ಹಾಕಿಸಿ’ ನಕಲಿ ಡಿಸ್ಕ್ ಓಡಿಸುವುದು ವಾಡಿಕೆಯಾಯಿತು. ತಾಲ್ಲೂಕು ಕೇಂದ್ರಗಳ ಮಟ್ಟಿಗೆ ಅದಕ್ಕಿಂತ ದೊಡ್ಡ ಬದಲಾವಣೆ ಕಂಪ್ಯೂಟರಿನದು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಸರಕುಗಳ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು, ಕಂಪ್ಯೂಟರಿನ ಆಮದು ಸುಂಕ ಹಂತಹಂತವಾಗಿ ಸೊನ್ನೆಗೆ ಇಳಿಯಿತು. ಆಟದ ಯಂತ್ರಕ್ಕೆ ಆ ಭಾಗ್ಯ ಇರಲಿಲ್ಲ. ಕಂಪ್ಯೂಟರು ‘ಓದಿಗೆ’ ಎಂಬ ಹೆಸರಿನಲ್ಲಿ ಮನೆಗೂ ಸೈಬರ್ ಸೆಂಟರಿಗೂ ಬಂದು, ಐಜಿಐ, ವೈಸ್ ಸಿಟಿ, ಕೌಂಟರ್ ಸ್ಟ್ರೈಕ್ ಆಡಿಸಿತು. ಸೈಬರ್ ಸೆಂಟರಿನಲ್ಲಿ ಮಾರಾಟವಾದದ್ದು ಆಟವೂ ಅಲ್ಲ, ಯಂತ್ರವೂ ಅಲ್ಲ, ಗಂಟೆ.

ಅಧಿಕೃತ ಕಂಪನಿಗಳು ನಿಜವಾಗಿ ಕಾಲಿಟ್ಟದ್ದು ಆಮೇಲೆ. 2006ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಬಂತು. ಮೈಕ್ರೋಸಾಫ್ಟ್ ಅದರ ಪ್ರಚಾರಕ್ಕೆ ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಅವರನ್ನು ಹಿಡಿಯಿತು. 2007ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 3 ಬಂತು, ಬೆಲೆ 39,990 ರೂಪಾಯಿ. ಸೋನಿ ಹಳೆಯ ಪ್ಲೇಸ್ಟೇಷನ್ 2ಕ್ಕೆ ದೇಸಿ ಆಟಗಳನ್ನೂ ಮಾಡಿಸಿತು. 2009ರ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿ, ಗಿಲ್ಲಿ ದಾಂಡು ಇದ್ದವು. ನಮ್ಮ ಚಿನ್ನಿದಾಂಡನ್ನು ಬಯಲಲ್ಲಿ ಪುಕ್ಕಟೆ ಆಡುವ ಹುಡುಗನಿಗೆ ಅದನ್ನೇ ಡಿಸ್ಕಿನಲ್ಲಿ ಮಾರುವ ಯೋಚನೆ ಯಾರಿಗೆ ಹೊಳೆಯಿತೋ! ಇದೇ ಹೊತ್ತಿಗೆ, 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ವಿದೇಶಿ ಆಟಗಳಿಗೆ ಕಾರು, ಕಟ್ಟಡಗಳ ಚಿತ್ರ ಬಿಡಿಸಿಕೊಡುತ್ತಿತ್ತು. ಆಟದ ಒಂದು ಪಾಲು ಕರ್ನಾಟಕದಲ್ಲೇ ತಯಾರಾಗಿ, ಕರ್ನಾಟಕದ ತಾಲ್ಲೂಕುಗಳನ್ನು ಬಿಟ್ಟು ಉಳಿದೆಲ್ಲ ಕಡೆ ಮಾರಾಟವಾಗುತ್ತಿತ್ತು.

ಚಿನ್ನದ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿ ನೋಡೋಣ. 2007ರ ಪ್ಲೇಸ್ಟೇಷನ್ 3ಕ್ಕೆ ಸುಮಾರು ನಲವತ್ತು ಗ್ರಾಂ ಚಿನ್ನದ ಬೆಲೆ. 2021ರ ಫೆಬ್ರವರಿ 2ರಂದು ಇಲ್ಲಿಗೆ ಬಂದ ಪ್ಲೇಸ್ಟೇಷನ್ 5ರ ಅಂದಿನ ಬೆಲೆ 49,990 ರೂಪಾಯಿ, ಅಂದರೆ ಹತ್ತು ಗ್ರಾಂ ಚಿನ್ನದ ಹತ್ತಿರ. ಇದರಲ್ಲಿ ಯಂತ್ರ ಅಗ್ಗವಾದದ್ದಕ್ಕಿಂತ ಚಿನ್ನ ತುಟ್ಟಿಯಾದದ್ದೇ ಹೆಚ್ಚು, ನಿಜ. 2017ರ ಜುಲೈನಲ್ಲಿ ಜಾರಿಗೆ ಬಂದ ಜಿ.ಎಸ್.ಟಿ. ಈ ಯಂತ್ರಗಳನ್ನು ಶೇ. 28ರ ಮೇಲ್ದರ್ಜೆಯಲ್ಲಿ ಕೂರಿಸಿದ್ದೂ ನಿಜ. ಆದರೆ ಆಗಿನ ತಡೆ ಯಂತ್ರದ್ದಲ್ಲ, ಆಟದ್ದು. ಸೋನಿಯ ದೊಡ್ಡ ಆಟವೊಂದಕ್ಕೆ ಆಗ 4,999 ರೂಪಾಯಿ. ಹತ್ತು ಆಟದ ದುಡ್ಡಿಗೆ ಇನ್ನೊಂದು ಯಂತ್ರವೇ ಬರುತ್ತಿತ್ತು.

ಈ ತಡೆಯನ್ನು ಮುರಿದದ್ದು ಮೊಬೈಲು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ನೀರಿನಂತಾಯಿತು. 2018ರಲ್ಲಿ ಪಬ್‌ಜಿ ಎಂಬ ಮೊಬೈಲ್ ಆಟ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದಾಗ ತಾಲ್ಲೂಕಿನ ಹುಡುಗರು ಪಟ್ಟ ಸಂಕಟವನ್ನು ನಾನೇ ಕಂಡಿದ್ದೇನೆ. ಮರುವರ್ಷ ಜುಲೈನಲ್ಲಿ ಅದು ಬಿ.ಜಿ.ಎಂ.ಐ. ಎಂಬ ಹೆಸರಿನಲ್ಲಿ ಮರಳಿತು. ಇಲ್ಲಿ ಆಟ ಪುಕ್ಕಟೆ; ಹಣ ಹೋಗುವುದು ಆಟದೊಳಗಿನ ಬಟ್ಟೆಗೆ, ಬಂದೂಕಿನ ಬಣ್ಣಕ್ಕೆ, ಒಂದು ಸಲಕ್ಕೆ ನೂರು ರೂಪಾಯಿಗೂ ಕಡಿಮೆಯ ತುಣುಕುಗಳಲ್ಲಿ, ಫೋನ್‌ಪೇ ಮೂಲಕ. ಕ್ಯಾಸೆಟ್ಟಿಗೆ ಬೇರೆ ಕಾಸು ಕೊಡದ ಊರಿನಿಂದ ಸಾಫ್ಟ್‌ವೇರ್ ಉದ್ಯಮ ಕೊನೆಗೂ ವಸೂಲಿ ಮಾಡಿದ್ದು ಹೀಗೆ. ಅತ್ತ ಸೋನಿಯ ಪೂರ್ಣ ಆಟಗಳಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಈಗ ಡಿಸ್ಕಿಲ್ಲದೆ ನೇರ ಡೌನ್‌ಲೋಡ್ ಆಗಿ ಬಿಕರಿಯಾಗುತ್ತಿವೆ. ಅಂಗಡಿಯ ಕಪಾಟು ಎಲ್ಲೆಡೆ ಖಾಲಿಯಾಗುತ್ತಿದೆ. ಹೊಸದುರ್ಗದಲ್ಲಿ ಆ ಕಪಾಟು ತುಂಬುವ ಮೊದಲೇ ಅದರ ಕಾಲ ಮುಗಿಯಿತು.

ನಕಲಿ ಪೆಟ್ಟಿಗೆಗಳ ಈ ವ್ಯಾಪಾರ ಯಾವ ಕಂಪನಿಯ ವಾರ್ಷಿಕ ವರದಿಗೂ ಸೇರುವಂಥದ್ದಲ್ಲ; ಅದರ ದಾಖಲೆಗಳಿರುವುದು ನಮ್ಮ ಮನೆಯ ಅಟ್ಟಗಳಲ್ಲಿ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಓದುಗರ ಮನೆಯಲ್ಲಿ ಅಂಥ ಪೆಟ್ಟಿಗೆ, ಕ್ಯಾಸೆಟ್, ಮುಖ್ಯವಾಗಿ ತಾರೀಖು ಮತ್ತು ಬೆಲೆ ಬರೆದ ಅಂಗಡಿಯ ಬಿಲ್ಲು ಉಳಿದಿದ್ದರೆ, ಗುಜರಿಯವನಿಗೆ ಹಾಕುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.