ಹೊಲಿದ ಹಡಗು

ಹಡಗನ್ನು ಹೊಲಿಯುವುದುಂಟೆ? ಕೇಶ್ವಾಪುರದಲ್ಲಿ ರೈಲಿನ ಶಿಳ್ಳು ಕೇಳುತ್ತ ಬೆಳೆದವರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಆದರೆ ರೈಲು ಬರುವುದಕ್ಕೆ ಮುನ್ನ ಧಾರವಾಡ ಸೀಮೆಯ ಅರಳೆಯು ಘಟ್ಟವಿಳಿದು ಕುಮಟೆಯ ಬಂದರಿನಿಂದಲೇ ಮುಂಬಯಿಗೆ ಹೋಗುತ್ತಿದ್ದಿತು. ಕಡಲು ನಮಗೆ ಅಷ್ಟೇನೂ ಪರಕೀಯವಲ್ಲ.

ಅದೇ ಕರಾವಳಿಯ ಕಾರವಾರದಲ್ಲಿ 2025ನೆಯ ಮೇ 21ರಂದು ‘ಕೌಂಡಿನ್ಯ’ವೆಂಬ ಹಾಯಿಹಡಗು ಭಾರತದ ನೌಕಾಪಡೆಯನ್ನು ಸೇರಿತು. ಅಜಂತೆಯ ಗೋಡೆಯ ಮೇಲೆ ಐದನೆಯ ಶತಮಾನದ ಚಿತ್ರಕಾರನು ಬರೆದ ಹಡಗೇ ಇದಕ್ಕೆ ಮಾದರಿ. ಅಂಥ ಹಡಗಿನ ಒಡಲಾಗಲಿ ನಕ್ಷೆಯಾಗಲಿ ಉಳಿದಿಲ್ಲ. ಚಿತ್ರವಾದರೋ ಹೊರಗಿನ ರೂಪವನ್ನಷ್ಟೇ ತೋರಿಸುತ್ತದೆ. ಹಲಗೆಗಳನ್ನು ಕೂಡಿಸಿದ ಬಗೆಯನ್ನು ಹೇಳದು. ಅದನ್ನು ಹೇಳಿದುದು ಕೇರಳದ ಬಡಗಿಗಳ ಕೈ. ಬಾಬು ಶಂಕರನ್ನರ ಮುಂದಾಳುತನದಲ್ಲಿ ಅವರು ಗೋವೆಯಲ್ಲಿ ಮೊಳೆಯ ಹಂಗಿಲ್ಲದೆ, ತೆಂಗಿನ ನಾರಿನ ಹುರಿಯಿಂದ ಸಾವಿರಾರು ಹೊಲಿಗೆಗಳನ್ನು ಹಾಕಿ, ಸಂದುಗಳಿಗೆ ಮರದ ಅಂಟನ್ನು ತುಂಬಿದರು.

ಹಾಯಿಯ ಮೇಲೆ ಗಂಡಭೇರುಂಡವಿದೆ. ಮೈಸೂರಿನವರಿಗೆ ಆ ಪಕ್ಷಿಯ ಪರಿಚಯ ಹೇಳಬೇಕಾಗಿಲ್ಲ. ಆದರೆ ಅಜಂತೆಯ ಹಡಗಿನಲ್ಲಿ ಅದಿಲ್ಲ, ಇಂದಿನವರು ಸೇರಿಸಿದುದು ಎಂಬುದನ್ನು ಇತಿಹಾಸಾಸಕ್ತರು ಮರೆಯಬಾರದು.

ಚಿತ್ರವನ್ನು ನಂಬಿದುದು ಸರಿಯೋ ತಪ್ಪೋ ನೀರೇ ಹೇಳಬೇಕಾಗಿದ್ದಿತು. 2025ನೆಯ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಹಡಗು ಜನವರಿ 14ರಂದು ಮಸ್ಕತ್ತನ್ನು ಮುಟ್ಟಿತು.