ಉಪಗ್ರಹದ ಪಾಠ ಮತ್ತು ಕನ್ನಡದ ಶಾಲೆ

ನಮ್ಮ ಮಠಮಾನ್ಯಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಓಲೆಯ ಮೇಲೆ ಬರೆಯುವುದು ಒಂದು ಕೆಲಸ. ಬರೆದುದನ್ನು ಕಾಲಕಾಲಕ್ಕೆ ಬಿಚ್ಚಿ, ಧೂಳೊರೆಸಿ, ಎಣ್ಣೆ ಸವರಿ, ಮತ್ತೆ ದಾರ ಬಿಗಿದು ಇರಿಸುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿದವನ ಹೆಸರು ಗ್ರಂಥಾಂತ್ಯದಲ್ಲಿ ಉಳಿಯುತ್ತದೆ. ಎರಡನೆಯದನ್ನು ಮಾಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಶಾಲೆಗಳಿಗೆ ಯಂತ್ರಗಳು ಬಂದ ಇತಿಹಾಸವನ್ನು ಓದುವಾಗಲೂ ಈ ಭೇದವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಆ ಇತಿಹಾಸದಲ್ಲಿ ಕನ್ನಡ ನಾಡಿಗೆ ಸೇರಿದ, ಆದರೆ ಈಗ ಬಹುಮಟ್ಟಿಗೆ ಮರೆತುಹೋಗಿರುವ ಒಂದು ಪ್ರಕರಣವನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

೧೯೬೯ರಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಂದು ಒಪ್ಪಂದವಾಯಿತು. ಎ.ಟಿ.ಎಸ್.-೬ ಎಂಬ ಅಮೆರಿಕದ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಹಳ್ಳಿಗಳ ಶಿಕ್ಷಣಕ್ಕಾಗಿ ಬಳಸಿಕೊಳ್ಳಬಹುದೆಂಬುದು ಅದರ ತಿರುಳು. ಈ ಯೋಜನೆಯ ಹಿಂದೆ ಇದ್ದವರು ಡಾ. ವಿಕ್ರಮ ಸಾರಾಭಾಯಿ. ನಗರಗಳಿಂದ ಆರಂಭಿಸಿ ಮೆಲ್ಲನೆ ಹಳ್ಳಿಗಿಳಿಯುವ ಬದಲು, ದೂರದರ್ಶನವು ಮೊದಲು ದೂರದ ಹಳ್ಳಿಗೇ ಹೋಗಬೇಕೆಂಬುದು ಅವರ ವಾದವಾಗಿತ್ತು. ೧೯೭೧ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ತಾವು ಕಲ್ಪಿಸಿದುದು ಕಾರ್ಯರೂಪಕ್ಕೆ ಬಂದುದನ್ನು ಅವರು ನೋಡಲಿಲ್ಲ. ೧೯೭೫ರ ಆಗಸ್ಟ್ ೧ರಂದು ‘ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ’ ಪ್ರಾರಂಭವಾಯಿತು. ‘ಸೈಟ್’ ಎಂಬುದು ಅದರ ಸಂಕ್ಷಿಪ್ತ ನಾಮ.

ಆರು ರಾಜ್ಯಗಳ ಸುಮಾರು ೨೪೦೦ ಗ್ರಾಮಗಳನ್ನು ಇದಕ್ಕಾಗಿ ಆರಿಸಲಾಗಿತ್ತು. ರಾಜಸ್ಥಾನ, ಬಿಹಾರ, ಮಧ್ಯಪ್ರದೇಶ, ಒರಿಸ್ಸಾ, ಆಂಧ್ರಪ್ರದೇಶಗಳೊಡನೆ ಆರನೆಯದು ಕರ್ನಾಟಕ. ಇಲ್ಲಿಯ ಗ್ರಾಮಗಳು ಅಂದಿನ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳವು. ಶರಣ ಸಾಹಿತ್ಯದ ಅಭ್ಯಾಸಿಗಳಿಗೆ ಈ ಸೀಮೆಯನ್ನು ಪರಿಚಯಿಸಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು ವಚನಗಳ ಓಲೆಗಳನ್ನು ಅರಸಿ ಕೂಡಿಸಿ, ಅಚ್ಚಿನ ಯಂತ್ರವನ್ನು ಅವುಗಳ ಸೇವೆಗೆ ಹೂಡಿದ್ದು ಇದೇ ಬಿಜಾಪುರದಲ್ಲಿ. ಅರ್ಧ ಶತಮಾನದ ತರುವಾಯ ಅದೇ ನೆಲಕ್ಕೆ ಇನ್ನೊಂದು ಯಂತ್ರ ಬಂದಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು ೧೯೮೧ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಕನ್ನಡದ ದೂರದರ್ಶನವನ್ನು ನೋಡಿದ್ದರು. ಹಿಂದುಳಿದ ಸೀಮೆಯೆಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ!

ಪ್ರಯೋಗದ ಏರ್ಪಾಡು ಗಮನಾರ್ಹವಾದುದು. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿದ್ದ ಉಪಗ್ರಹದಿಂದ ಇಳಿದು ಬರುವ ಅಲೆಗಳನ್ನು ಹಿಡಿಯಲು ಪ್ರತಿ ಗ್ರಾಮದಲ್ಲಿಯೂ ಸುಮಾರು ಹತ್ತು ಅಡಿ ಅಗಲದ, ತಂತಿಯ ಜಾಳಿಗೆಯಿಂದ ಕಟ್ಟಿದ, ಮಗುಚಿದ ಛತ್ರಿಯಂತಹ ಆಂಟೆನಾ ನಿಲ್ಲಿಸಲಾಯಿತು. ಗ್ರಾಹಕ ಯಂತ್ರಗಳು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯಲ್ಲಿ ತಯಾರಾದವು. ಆದರೆ ಯೋಜಕರ ನಿಜವಾದ ಜಾಣ್ಮೆ ಕಾಣುವುದು ಯಂತ್ರದಲ್ಲಲ್ಲ, ಗ್ರಾಮಗಳ ಆಯ್ಕೆಯಲ್ಲಿ. ೨೪೦೦ ಯಂತ್ರಗಳನ್ನು ದೇಶದ ತುಂಬ ಚೆಲ್ಲದೆ, ರಾಜ್ಯಕ್ಕೆ ಸುಮಾರು ೪೦೦ರಂತೆ ಗೊಂಚಲುಗಳಾಗಿ ಇರಿಸಿದರು. ಕೆಟ್ಟ ಯಂತ್ರದ ಬಳಿಗೆ ದುರಸ್ತಿಯವನು ಜೀಪಿನಲ್ಲಿ ಹೋಗಿ ಬರಲು ಸಾಧ್ಯವಿರಬೇಕೆಂಬುದೇ ಇದರ ಮುಖ್ಯ ಕಾರಣ. ಪ್ರತಿ ಗ್ರಾಮದಲ್ಲಿಯೂ ಯಂತ್ರದ ಉಸ್ತುವಾರಿಗೆ ಒಬ್ಬನಿದ್ದ. ಹಲವೆಡೆ ಆತ ಶಾಲೆಯ ಮಾಸ್ತರನೇ. ಸಮಯಕ್ಕೆ ಸರಿಯಾಗಿ ಯಂತ್ರವನ್ನು ಹಚ್ಚುವುದು, ಆರಿಸುವುದು, ಬೀಗ ಹಾಕುವುದು, ಕೆಟ್ಟರೆ ತಿಳಿಸುವುದು ಅವನ ಕಾಯಕ. ಇಂತಹ ಏರ್ಪಾಡಿನ ಫಲವಾಗಿ ಬಹುಪಾಲು ಯಂತ್ರಗಳು ವರ್ಷವಿಡೀ ನಡೆದವು. ವಿದ್ಯುತ್ತಿನ ವ್ಯತ್ಯಯ ಮಾತ್ರ ಯೋಜಕರ ಕೈಮೀರಿದುದಾಗಿತ್ತು.

ಬೆಳಗಿನ ಒಂದೂವರೆ ಗಂಟೆಯ ಪ್ರಸಾರ ಶಾಲೆಯ ಮಕ್ಕಳಿಗೆ ಮೀಸಲು. ಹಿಂದಿ, ಒರಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಐದರಿಂದ ಹನ್ನೆರಡು ವಯಸ್ಸಿನ ಮಕ್ಕಳನ್ನು ಕುರಿತ ಈ ಪಾಠಗಳು ಪಠ್ಯಪುಸ್ತಕದ ಪುನರುಕ್ತಿಯಾಗದೆ, ಮಕ್ಕಳಲ್ಲಿ ಕುತೂಹಲ ಹುಟ್ಟಿಸಿ ಶಾಲೆಯನ್ನು ಹಿತವಾಗಿಸಬೇಕೆಂಬುದು ಉದ್ದೇಶವಾಗಿತ್ತು. ಕನ್ನಡದ ಕಾರ್ಯಕ್ರಮಗಳು ಬಹುಮಟ್ಟಿಗೆ ತಯಾರಾಗುತ್ತಿದ್ದುದು ತೆಲುಗಿನವುಗಳೊಡನೆ ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಕರ್ನಾಟಕದಲ್ಲಿ ಅಂತಹ ಕೇಂದ್ರ ಇರಲಿಲ್ಲ. ಮಗುವಿನ ಮಾತು ಒಂದೂರಿನಲ್ಲಿ, ಅದಕ್ಕೆ ಪಾಠ ಹೊಸೆಯುವವರು ಇನ್ನೊಂದೂರಿನಲ್ಲಿ ಇದ್ದಾಗ ಏನಾಗುತ್ತದೆಂಬುದನ್ನು ನಮ್ಮ ಪಠ್ಯಪುಸ್ತಕಗಳನ್ನು ಬಲ್ಲವರು ಊಹಿಸಬಲ್ಲರು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಪ್ರಸಾರ ಎಲ್ಲ ಶಾಲೆಗಳಿಗೂ ಒಂದೇ ಗಳಿಗೆಯಲ್ಲಿ ಬರುತ್ತಿತ್ತು. ತರಗತಿ ಸಿದ್ಧವಿರಲಿ ಬಿಡಲಿ, ಅದು ಬಂದು ಹೋಗುತ್ತಿತ್ತು. ತಿರುಗಿ ತೋರಿಸೆಂದು ಕೇಳುವ ಅವಕಾಶ ಮಾಸ್ತರನಿಗಿರಲಿಲ್ಲ.

ಈ ಕೊರತೆಯನ್ನು ಯೋಜಕರು ಅರಿತಿರಲಿಲ್ಲವೆನ್ನಲಾಗದು. ಪ್ರಯೋಗದ ಅತ್ಯಂತ ಬೆಲೆಯುಳ್ಳ ಭಾಗ ಶಿಕ್ಷಕರಿಗಾಗಿ ನಡೆದ ತರಬೇತಿಯೇ ಎಂಬುದು ನನ್ನ ಅಭಿಪ್ರಾಯ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯನ್ನು ಕುರಿತು ಹನ್ನೆರಡು ದಿನಗಳ ಶಿಬಿರವನ್ನು ಎರಡು ಸರದಿಗಳಲ್ಲಿ ಏರ್ಪಡಿಸಿತು. ಎರಡರಲ್ಲಿ ಕೂಡಿ ಆರು ರಾಜ್ಯಗಳ ಸುಮಾರು ೪೮,೦೦೦ ಶಿಕ್ಷಕರು ಪಾಲ್ಗೊಂಡರು. ದೂರದರ್ಶನವಿದ್ದ ಗ್ರಾಮಗಳಲ್ಲಿಯೇ ಅವರು ನೆರೆದರು. ಪರದೆಯ ಮೇಲಿನ ಪಾಠದ ಜೊತೆಗೆ ರೇಡಿಯೋ ಪಾಠವಿತ್ತು, ಅಚ್ಚಾದ ಕೈಪಿಡಿಯಿತ್ತು, ಕೈಯಾರ ಮಾಡಿ ನೋಡುವ ಚಟುವಟಿಕೆಗಳಿದ್ದವು. ಚರ್ಚೆಯನ್ನು ನಡೆಸಿಕೊಡಲು ಪ್ರತಿ ಕೇಂದ್ರದಲ್ಲಿಯೂ ಮೊದಲೇ ಸಿದ್ಧಗೊಂಡಿದ್ದ ಒಬ್ಬರಿದ್ದರು. ನೋಡುವುದು, ಕೇಳುವುದು, ಓದುವುದು, ಮಾಡುವುದು ಒಂದಕ್ಕೊಂದು ಹೆಣೆದುಕೊಂಡಿದ್ದವು. ಊರಿನಲ್ಲಿ ಸಿಕ್ಕುವ ಸಾಮಗ್ರಿಗಳಿಂದಲೇ ವಿಜ್ಞಾನವನ್ನು ತೋರಿಸುವ ವಿಧಾನವನ್ನು ಕಲಿತ ಶಿಕ್ಷಕನಿಗೆ, ಊರಿಗೆ ಮರಳಿದ ಮೇಲೆ ಅದನ್ನು ನಡೆಸಲು ಆಕಾಶದ ಅಪ್ಪಣೆ ಬೇಕಾಗಿರಲಿಲ್ಲ.

ಮಕ್ಕಳ ಮೇಲಾದ ಪರಿಣಾಮವನ್ನು ಅಳೆದ ಅಧ್ಯಯನಗಳು ಮಿಶ್ರಫಲವನ್ನು ವರದಿ ಮಾಡಿದವು. ಭಾಷಾಶಕ್ತಿಯಲ್ಲಿಯೂ, ಪುಸ್ತಕದಾಚೆಗೆ ತಿಳಿವನ್ನು ಅರಸುವ ಆಸಕ್ತಿಯಲ್ಲಿಯೂ ಮಕ್ಕಳು ಮುಂದೆ ಬಂದಿದ್ದರು. ದಾಖಲಾತಿ ಹೆಚ್ಚಲಿಲ್ಲ, ನಡುವೆ ಶಾಲೆ ಬಿಡುವುದು ಕಡಿಮೆಯಾಗಲಿಲ್ಲ. ಇದರಲ್ಲಿ ಅಚ್ಚರಿಪಡುವಂತಹದೇನೂ ಇಲ್ಲ. ಎಮ್ಮೆ ಕಾಯಲು ಹೋದ ಹುಡುಗನನ್ನು ಇಪ್ಪತ್ತೆರಡೂವರೆ ನಿಮಿಷದ ಪಾಠ ಹೇಗೆ ಕರೆತಂದೀತು?

೧೯೭೬ರ ಜುಲೈ ೩೧ಕ್ಕೆ ಒಪ್ಪಂದದ ವರ್ಷ ಮುಗಿಯಿತು. ಉಪಗ್ರಹ ಅಮೆರಿಕದತ್ತ ಸರಿಯಿತು. ೧೯೭೭ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೊಂದು ತೆರೆದು, ಹಿಂದಿನ ಗ್ರಾಮಗಳಲ್ಲಿ ಕೆಲವಕ್ಕೆ ಮತ್ತೆ ದೂರದರ್ಶನ ದೊರೆಯಿತು, ಉಳಿದವಕ್ಕೆ ದೊರೆಯಲಿಲ್ಲ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಬೇಕಾದುದು ಮುಂದಿನ ಅಧ್ಯಾಯ. ೧೯೮೨-೮೩ರಲ್ಲಿ ಭಾರತಕ್ಕೆ ತನ್ನದೇ ಆದ ಇನ್‌ಸ್ಯಾಟ್ ಉಪಗ್ರಹಗಳು ಬಂದಾಗ ಶಾಲಾ ಪ್ರಸಾರವನ್ನು ಪುನಃ ಯೋಜಿಸಲಾಯಿತು. ಅದಕ್ಕೆ ಆಯ್ದ ರಾಜ್ಯಗಳು ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಗುಜರಾತ, ಮಹಾರಾಷ್ಟ್ರ, ಉತ್ತರಪ್ರದೇಶ. ಪಾಠಗಳು ತೆಲುಗು, ಒರಿಯಾ, ಹಿಂದಿ, ಗುಜರಾತಿ, ಮರಾಠಿಗಳಲ್ಲಿ ಸಿದ್ಧವಾದವು. ಆ ರಾಜ್ಯಗಳಲ್ಲಿ ಪಾಠಗಳನ್ನು ನಿರ್ಮಿಸಲೆಂದೇ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆಗಳೂ ಸ್ಥಾಪಿತವಾದವು. ಮೊದಲ ಪ್ರಯೋಗದ ನಾಲ್ಕು ಭಾಷೆಗಳಲ್ಲಿ ಕೈಬಿಟ್ಟುಹೋದುದು ಕನ್ನಡವೊಂದೇ. ಒಂದು ವರ್ಷ ಅಭ್ಯಾಸ ಮಾಡಿಸಿ, ಪಳಗಿದ ಶಿಕ್ಷಕರನ್ನು ಅಲ್ಲಿಯೇ ಬಿಟ್ಟು, ಯೋಜನೆ ಬೇರೆಡೆಗೆ ಹೊರಳಿತು. ಇದನ್ನು ಕುರಿತು ನಾಡಿನಲ್ಲಿ ಏಳಬೇಕಾದಷ್ಟು ಕೂಗು ಏಳಲಿಲ್ಲವೆಂಬುದು ನನ್ನ ಭಾವನೆ.

೧೯೮೪ರಿಂದ ‘ಕ್ಲಾಸ್’ ಎಂಬ ಯೋಜನೆಯ ಮೂಲಕ ದೇಶದ ಕೆಲವು ನೂರು ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಅದರ ಕಥೆ ಬೇರೆ, ಇಲ್ಲಿ ವಿಸ್ತರಿಸುವುದಿಲ್ಲ. ಕನ್ನಡ ಶಾಲೆ ಮತ್ತೆ ಉಪಗ್ರಹದ ಯೋಜನೆಯೊಳಗೆ ಬಂದುದು ೨೦೦೪ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕಾಗಿಯೇ ಹಾರಿಬಿಟ್ಟ ಎಜುಸ್ಯಾಟ್ ಕಕ್ಷೆ ಸೇರಿದ ತರುವಾಯ. ಆಗ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆರಿಸಿದುದು ರಾಜ್ಯದ ದಕ್ಷಿಣ ತುದಿಯ ಚಾಮರಾಜನಗರ ಜಿಲ್ಲೆಯನ್ನು. ಆ ಉಪಗ್ರಹವೂ ೨೦೧೦ರಲ್ಲಿ ನಿವೃತ್ತವಾಯಿತು. ೧೯೭೬ರಿಂದ ೨೦೦೪ರವರೆಗೆ ಇಪ್ಪತ್ತೆಂಟು ವರ್ಷ: ಮೊದಲ ಪ್ರಯೋಗದ ಕಾಲಕ್ಕೆ ಒಂದನೆಯ ಇಯತ್ತೆಯಲ್ಲಿ ಕುಳಿತು ಪರದೆ ನೋಡಿದ ಬಿಜಾಪುರದ ಮಗು ಆ ವೇಳೆಗೆ ತನ್ನ ಮಕ್ಕಳನ್ನು ಶಾಲೆಗೆ ಕಳುಹಿಸುವ ವಯಸ್ಸಿಗೆ ಬಂದಿತ್ತು.